ಎಡಗಾಲಿನ ಪದರ

ಸಮುದ್ರ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಕಿಬ್ಬನಹಳ್ಳಿಯ ಜನ ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸುತ್ತಾರೆ. ಅಂಥ ಊರಿನ ಹೆದ್ದಾರಿ ಬದಿಯ ಶೀಟಿನ ಮನೆಯಲ್ಲಿ ಕೂತು, ಕಡಲ ದಂಡೆಯಲ್ಲಿ ಅಡ್ಡಾಡುವವರಿಗೆ ನಲವತ್ತು ಜೊತೆ ರಬ್ಬರ್ ಚಪ್ಪಲಿ ಮಾಡಿಕೊಡುತ್ತೇನೆಂದು ಧನಲಕ್ಷ್ಮಿ ಒಪ್ಪಿಕೊಂಡಿದ್ದಳು. ಅವಳು ಮೊಬೈಲಿನಲ್ಲಿ ಹಾಕಿದ್ದ ಫೋಟೊ ನೋಡಿ ಕರಾವಳಿಯ ಯಾವುದೋ ರೆಸಾರ್ಟಿನವರು ಮರುಳಾಗಿದ್ದರು. ಕೈಯಲ್ಲಿ ಮಾಡಿದ್ದು ಎಂದರೆ ಸಾಕು, ಕಾಲಿಗೆ ಮೆಟ್ಟುವುದರ ಮೇಲೂ ಭಕ್ತಿ ಹುಟ್ಟುವ ಕಾಲ.

ಮನೆಯಲ್ಲಿ ಚಪ್ಪಲಿ ಮಾಡುವವರು ಅವಳ ಮಾವ ಮೂಡಲಗಿರಿಯಪ್ಪ. ಮೂವತ್ತು ವರ್ಷದಿಂದ ತೆಂಗಿನಕಾಯಿ ಸುಲಿಯುವವರಿಗೆ ರಬ್ಬರ್ ಹಾಳೆ ಕೊಯ್ದು ಚಪ್ಪಲಿ ಮಾಡಿಕೊಟ್ಟವರು. ಅವರು ಮಾತಾಡುವುದಿಲ್ಲ. ಮಾತಾಡದವರಿಗೆಲ್ಲ ಊರು ಕೊಡುವ ಬಿರುದು ಅವರಿಗೂ ಸಿಕ್ಕಿತ್ತು: ಬಲು ತಿಳಿದವರು. ಮದುವೆಯಾಗಿ ಬಂದು ಒಂಬತ್ತು ವರ್ಷವಾದರೂ ಈ ತಿಳಿದವರು ಸೊಸೆಗೆ ಕೊಟ್ಟಿದ್ದ ಕೆಲಸ ಒಂದೇ, ತೂತಿಗೆ ಬಾರು ತೂರಿಸುವುದು. ಬಾರಿಗೆ ಸೋಪಿನ ನೀರು ಹಚ್ಚುವ ಮಟ್ಟಿಗೆ ಅವಳ ಮೇಲೆ ನಂಬಿಕೆಯಿತ್ತು. ಕೊಯ್ಯುವ ಚಾಕುವನ್ನು ಮಾತ್ರ ಊಟಕ್ಕೆ ಏಳುವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಏಳುತ್ತಿದ್ದರು.

ಆರ್ಡರ್ ಬಂದ ಮಾರನೆಯ ದಿನವೇ ಧನಲಕ್ಷ್ಮಿ ತಿಪಟೂರಿಗೆ ಹೋಗಿ ತನ್ನದೇ ಒಂದು ಚಾಕು ತಂದಳು. ಇವಳಿಗೂ ಬರುತ್ತದೆ ಎಂಬ ಮಾತನ್ನು ಮಾವನ ಬಾಯಿಂದ ಒಮ್ಮೆ ಹೊರಡಿಸಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ. ಚಾಕುವನ್ನು ನೀರಿಗೆ ಅದ್ದಿ, ರಟ್ಟಿನ ಅಳತೆಯ ಸುತ್ತ ಒಂದೇ ಎಳೆತಕ್ಕೆ ಕೊಯ್ದಳು. ಮೂರು ಮೂರು ತೂತು ಹೊಡೆದಳು. ಎಡಗಾಲಿನ ಹಿಮ್ಮಡಿಯ ಅಡಿಗೆ, ಮಾವ ಹಾಕುವಂತೆಯೇ, ಸಲ್ಯೂಷನ್ ಬಳಿದು ಇನ್ನೊಂದು ಪದರ ಅಂಟಿಸಿದಳು. ಹನ್ನೊಂದು ದಿನ. ಮಾವ ಎದುರಿಗೇ ಕೂತು ನೋಡಿದರು, ತಿಳಿದವರು ನೋಡುವ ಹಾಗೆ.

ಪಾರ್ಸೆಲ್ ಹೋದ ವಾರಕ್ಕೆ ರೆಸಾರ್ಟಿನಿಂದ ಫೋನ್ ಬಂತು.

"ಎಂತ ಮೇಡಂ ಇದು? ಹಾಕಿಕೊಂಡವರೆಲ್ಲ ಬಲಕ್ಕೆ ವಾಲ್ತಾರಲ್ಲ ಮಾರಾಯ್ರೆ! ಹನಿಮೂನಿಗೆ ಬಂದವರನ್ನು ಕುಡಿದಿದ್ದಾರೆ ಅಂತ ಗಾರ್ಡ್ ತಡೆದ. ವಾಪಸ್ ಕಳಿಸ್ತಾ ಇದ್ದೇನೆ. ಹತ್ತು ದಿನದಲ್ಲಿ ಸರಿ ಮಾಡಿ ಕಳಿಸಿ, ಇಲ್ಲದಿದ್ರೆ ನಮಗೆ ಬೇಡ."

ಪೆಟ್ಟಿಗೆ ಬಂದಿಳಿದಾಗ ಕಾಯಿ ಸುಲಿಯುವ ಕಲ್ಲೇಶ್ ತನ್ನ ಚಪ್ಪಲಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ, ಆ ಪದರ ನಮ್ಗೆ ಕಣಕ್ಕ! ಕಬ್ಬಿಣದ ಕೋಲಿಗೆ ಕಾಯಿ ಕುಕ್ಕುವಾಗ ಎಡಗಾಲ ಮ್ಯಾಲೇ ಭಾರ ಬೀಳ್ತದೆ, ಅಲ್ಲೇ ಸವೀತದೆ. ಅದ್ಕೇ ದೊಡ್ಡಯ್ಯ ಹಾಕ್ಕೊಡೋದು. ಸಮುದ್ರದಾಗೆ ಯಾವನಕ್ಕ ಕಾಯಿ ಸುಲಿಯೋನು?"

ಒಂಬತ್ತು ವರ್ಷ ಅವಳು ಈ ಮನೆಯಲ್ಲಿ ಕಂಡದ್ದೆಲ್ಲ ಅಂಥ ಚಪ್ಪಲಿಯೇ. ತಾನು ಮೆಟ್ಟುತ್ತಿದ್ದುದು ಅಂಗಡಿಯದು. ಮನೆಯದನ್ನು ಹಾಕಿ ನೋಡುವ ಅಧಿಕಾರ ಬಾರು ತೂರಿಸುವವಳಿಗೆ ಎಲ್ಲಿಂದ ಬರಬೇಕು? ಅವಳು ಮಾವನ ಕಡೆ ತಿರುಗಿದಳು.

"ಮಾವ, ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲವ್ವ."

ಧನಲಕ್ಷ್ಮಿ ಅಳಲಿಲ್ಲ. ಅಂಟಿದ್ದನ್ನು ಕಿತ್ತರೆ ಅಡಿ ಹರಿಯುತ್ತದೆ. ಬಲಗಾಲಿಗೂ ಅಷ್ಟೇ ದಪ್ಪದ್ದು ಅಂಟಿಸಿದರೆ ಸಮವಾಗುತ್ತದೆ. ಉಳಿದ ಹಾಳೆ ಹಾಸಿದಳು. ಮೊದಲ ತುಂಡು ಕೊಯ್ದು ಮಾವನ ಮೂಗಿನ ಮುಂದೆ ಹಿಡಿದಳು.

"ಮಾವ, ಇದು ಸರಿಯಾ?"

ಅವರು ಹೆಬ್ಬೆರಳಲ್ಲಿ ಅಂಚು ಸವರಿ ತಲೆಯಾಡಿಸಿದರು.

"ತಲೆ ಆಡ್ಸಿದ್ರೆ ನಂಗೆ ಗೊತ್ತಾಗಲ್ಲ. ಬಾಯಲ್ಲಿ ಹೇಳಿ."

"ಸರಿ."

ಎರಡನೆಯದಕ್ಕೂ ಕೇಳಿದಳು, ಮೂರನೆಯದಕ್ಕೂ. ಏಳನೆಯದಕ್ಕೆ ಅವರು ಎದ್ದು ಹಿತ್ತಲಿಗೆ ಹೊರಟರು. ತುಂಡು ಹಿಡಿದು ಅವಳೂ ಹಿಂದೆಯೇ ಹೋದಳು. ವರ್ಷವಿಡೀ ಆಡುತ್ತಿದ್ದಷ್ಟು ಮಾತು ಆ ಒಂದು ಮಧ್ಯಾಹ್ನದಲ್ಲೇ ಖರ್ಚಾಗುತ್ತಿತ್ತು. ಕಲ್ಲೇಶ್ ಬಂದ ಕೆಲಸ ಮರೆತು ಗೋಡೆಗೊರಗಿ ಕೂತ.

ಹದಿಮೂರನೆಯದಕ್ಕೆ ಮುದುಕರಿಗೆ ತಡೆಯಲಾಗಲಿಲ್ಲ.

"ಅದೇನ್ ಒಂದೊಂದ್ಕೂ ಕೇಳ್ತೀಯವ್ವ! ನಿಂಗೇ ಬತ್ತದಲ್ಲ, ಕುಯ್ಯಿ ಅತ್ಲಾಗೆ!"

"ಕೇಳಿಸ್ಕೊಂಡ್ಯಾ ಕಲ್ಲೇಶ?" ಎಂದಳು ಧನಲಕ್ಷ್ಮಿ.

"ಕೇಳಿಸ್ತು ಕಣಕ್ಕ."

ಅವಳು ಚಾಕುವನ್ನು ನೀರಿಗೆ ಅದ್ದಿ ಹದಿನಾಲ್ಕನೆಯದನ್ನು ಕೊಯ್ದು, ಮೊದಲಿನಷ್ಟೇ ವಿನಯದಿಂದ ಮುಂದೆ ಹಿಡಿದಳು.

"ಮಾವ, ಇದು ಸರಿಯಾ?"