ಏಡಿಯನ್ನು ತಿನ್ನುವವರು ಯಾರು?

ಸಂಜೆ ಕಟ್ಟಿದ ನೀರು ಬೆಳಿಗ್ಗೆ ಗದ್ದೆಯಲ್ಲಿ ಇರುತ್ತಿರಲಿಲ್ಲ. ಅಬ್ದುಲ್ ವಹಾಬ್ ಬದುವಿಗೆ ಮಣ್ಣು ಮೆತ್ತಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ ಬರುತ್ತಿದ್ದರು. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ ಪಕ್ಕದಲ್ಲೇ ಹೊಸ ತೂತು. ನೀರೆಲ್ಲ ಕೆಳಗಿನ ಹಳ್ಳಕ್ಕೆ ಹೋಗಿರುತ್ತಿತ್ತು. ಏಡಿಗಳ ಕೆಲಸ. ಆಗಷ್ಟೇ ನೆಟ್ಟಿ ಮುಗಿದಿತ್ತು. ಎಳೆಯ ಸಸಿಗಳ ಬುಡವನ್ನೂ ಅವು ಕತ್ತರಿಸಿ ಹಾಕುತ್ತಿದ್ದವು.

ಮಲೆನಾಡಿನಲ್ಲಿ ಗದ್ದೆ ಇರುವವರಿಗೆ ಇದು ಹೊಸ ಸಂಗತಿಯಲ್ಲ. ವಹಾಬರಿಗೂ ಅಲ್ಲ. ಕೊಟ್ಟಿಗೆಹಾರದ ರಸ್ತೆ ಬದಿಯಲ್ಲಿ ಅವರದೊಂದು ಜೀಪ್ ರಿಪೇರಿ ಗ್ಯಾರೇಜು. ಗ್ಯಾರೇಜಿನ ಹಿಂದೆ ಮನೆ, ಮನೆಯ ಹಿಂದೆ ಇಳಿಜಾರಿನಲ್ಲಿ ಸ್ವಲ್ಪ ಕಾಫಿ, ಅದರ ಕೆಳಗೆ ಗದ್ದೆ. ಈ ವರ್ಷ ಮಾತ್ರ ಅವರ ತಾಳ್ಮೆ ಕೆಟ್ಟಿತು. ಏಡಿ ಕೊಲ್ಲಲು ಮೂಡಿಗೆರೆಯಿಂದ ಒಂದು ಡಬ್ಬ ಎಂಡ್ರಿನ್ ತಂದರು. ಭಾನುವಾರ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಒಬ್ಬರೇ ಹೋಗಿ ಗದ್ದೆಯ ನೀರಿಗೆ ಸುರಿದರು. ಮನೆಯವರಿಗೆ ಹೇಳಬೇಕು ಅನಿಸಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ?

ವಾಪಸು ಬರುವಾಗ ಮುದ್ದಮ್ಮ ಎದುರಾದರು. ಮುದ್ದಮ್ಮ ಮೇಲಿನ ಎಸ್ಟೇಟಿನಲ್ಲಿ ಕೆಲಸ ಮಾಡುವವರು. ಹಳ್ಳದ ಆಚೆ, ಎಸ್ಟೇಟಿನ ಕೂಲಿ ಲೈನಿನಲ್ಲಿ ಮಗಳು ಶಾಂತಕುಮಾರಿಯ ಜೊತೆ ಇದ್ದಾರೆ.

"ಗದ್ದೆಗೆ ಏನೋ ಹಾಕಿದ ಹಾಗಿದೆ ಸಾಬ್ರೇ?"

"ಔಷಧಿ ಮುದ್ದಮ್ಮ."

"ಹಾಕಿ ಹಾಕಿ, ಬೆಳೆ ಚೆನ್ನಾಗಿ ಬರಲಿ. ನಮ್ಮ ಶಾಂತಿಗೂ ಒಂದು ಔಷಧಿ ಹೇಳಿ. ಮಳೆ ಹಿಡಿದಾಗಿಂದ ಕೆಮ್ಮು ಬಿಟ್ಟೇ ಇಲ್ಲ."

"ನಾನು ಜೀಪಿನ ಡಾಕ್ಟ್ರು ಮಾರಾಯ್ತಿ. ಕೆಮ್ಮೋ ಜೀಪು ಇದ್ದರೆ ತಗೊಂಡು ಬಾ."

ಇಬ್ಬರೂ ನಕ್ಕರು. ಅವರವರ ದಾರಿ ಹಿಡಿದರು.

ಮಧ್ಯಾಹ್ನ ಪಕ್ಕದ ಮನೆಯ ಸರ್ವಮಂಗಳಾ ಟೀಚರ್ ವಹಾಬರ ಜಗಲಿಗೆ ಬಂದರು. ಕೈಯಲ್ಲಿ ಎಲೆಗಳ ಕಟ್ಟು. ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟ್ ಎಲೆಯ ಅಳತೆಗೆ ಕತ್ತರಿಸಿ, ಖಾಲಿ ಬದಿಯಲ್ಲಿ ಪ್ರಾಣಿಗಳ ಚಿತ್ರ ಬರೆದು, ಶಾಲೆಯ ಮಕ್ಕಳಿಗೆಂದು ಅವರೇ ಮಾಡಿದ ಆಟ. ವಹಾಬರ ಮಗಳು ಜೊಹರಾ ಅದನ್ನು ಕ್ಲಾಸಿನಲ್ಲಿ ಆಡಿ ಬಂದು, ಮನೆಯಲ್ಲೂ ಆಡಲೇಬೇಕೆಂದು ಹಟ ಹಿಡಿದಿದ್ದಳು.

"ಟೀಚರೇ, ನಮ್ಮ ಮನೇಲಿ ಎಲೆ ಮುಟ್ಟಲ್ಲ," ಎಂದರು ವಹಾಬ್. "ನೀವೇ ಬಂದು ಮಗೂಗೆ ಜೂಜು ಕಲಿಸಿದರೆ ಹೇಗೆ?"

"ಜೂಜಲ್ಲ ವಹಾಬಣ್ಣ. ಪಣ ಇಲ್ಲ, ರಾಜ ಇಲ್ಲ, ರಾಣಿ ಇಲ್ಲ. ಕಪ್ಪೆ ಇದೆ, ಕೇರೆಹಾವು ಇದೆ."

"ಹಾವೂ ಇದೆಯಾ? ಇನ್ನೂ ಒಳ್ಳೇದಾಯ್ತು."

ಒಳಗಿನಿಂದ ಅವರ ಹೆಂಡತಿ ಕುಲ್ಸುಮ್ ಕೂಗಿದರು. "ಮದುವೆಗೆ ಮುಂಚೆ ಬಣಕಲ್‌ನಲ್ಲಿ ಎಲೆ ಹಿಡ್ಕೊಂಡು ದಿನವಿಡೀ ಇಪ್ಪತ್ತೆಂಟು ಆಡ್ತಾ ಕೂತಿರ್ತಿದ್ದವರು ಯಾರು ಅಂತ ಕೇಳು ಜೊಹರಾ."

ವಹಾಬ್ ಚಾಪೆಯ ಮೇಲೆ ಕೂತು ಕೈ ಚಾಚಿದರು.

ಟೀಚರ್ ಆಟ ಹೇಳಿಕೊಟ್ಟರು. ಮೊದಲು ನೆಲದ ಮೇಲೆ ಹುಲ್ಲು, ಭತ್ತ, ಕೊಳೆತ ಸೊಪ್ಪು. ಇವು ಯಾರಿಗೂ ಸೇರಿದ್ದಲ್ಲ, ಎಲ್ಲರಿಗೂ ಸೇರಿದ್ದು. ಆಮೇಲೆ ಒಬ್ಬೊಬ್ಬರೂ ಒಂದೊಂದು ಪ್ರಾಣಿ ಇಡಬೇಕು. ಆದರೆ ಅದರ ಊಟ ಮೊದಲೇ ನೆಲದ ಮೇಲೆ ಇರಬೇಕು. ಮಿಡತೆ ಇಲ್ಲದೆ ಕಪ್ಪೆ ಇಡುವ ಹಾಗಿಲ್ಲ, ಕಪ್ಪೆ ಇಲ್ಲದೆ ಹಾವು ಇಡುವ ಹಾಗಿಲ್ಲ. ಯಾರು ಏನು ತಿನ್ನುತ್ತಾರೆ ಅನ್ನುವುದು ಪ್ರತಿ ಎಲೆಯ ಕೆಳಗೆ ಬರೆದಿದೆ. ಇಡಲಾಗದವರು ಕಟ್ಟಿನಿಂದ ಒಂದು ಎಲೆ ಎಳೆಯಬೇಕು. ಯಾರ ಕೈ ಮೊದಲು ಖಾಲಿಯೋ ಅವರು ಗೆದ್ದರು.

"ಇದರಲ್ಲೊಂದು 'ಔಷಧಿ' ಅನ್ನೋ ಎಲೆ ಇದೆ," ಎಂದರು ಟೀಚರ್. "ಅದು ಬಂದವರು ಬೇಕಾದ ಪ್ರಾಣಿಯ ಮೇಲೆ ಹಾಕಬಹುದು. ಹಾಕಿದರೆ ಆ ಪ್ರಾಣಿ ಮಗುಚಿಕೊಂಡು, ಇಟ್ಟವರ ಕೈಗೇ ವಾಪಸು ಹೋಗುತ್ತೆ. ಮುಂದಿನದನ್ನು ಹಾಕಿದ ಮೇಲೆ ಹೇಳ್ತೀನಿ."

ವಹಾಬರಿಗೆ ಆಟ ಬೇಗ ಹಿಡಿಸಿತು. ಎದುರಿನವರ ಕೈಯನ್ನು ಊಹಿಸುವ ಹಳೇ ಚಾಳಿ ಮರಳಿ ಬಂತು. ಜೊಹರಾ ಕೊಳೆತ ಸೊಪ್ಪಿನ ಮೇಲೆ ಏಡಿ ಇಟ್ಟಳು. ಅದೇ ಏಡಿಯನ್ನು ನಂಬಿ ವಹಾಬ್ ಬೆಳ್ಳಕ್ಕಿ ಇಟ್ಟರು, ನೀರುನಾಯಿ ಇಟ್ಟರು, ನರಿಯನ್ನೂ ಇಟ್ಟರು. ಜೊಹರಾ ಭತ್ತದ ಮೇಲೆ 'ಮನುಷ್ಯ' ಎಲೆ ಇಟ್ಟು ನಕ್ಕಳು. ಅವಳ ಕೈಯಲ್ಲಿ ಉಳಿದಿದ್ದು ಸ್ವಲ್ಪವೇ. ಅಷ್ಟರಲ್ಲಿ ವಹಾಬರಿಗೆ 'ಔಷಧಿ' ಬಂತು.

"ಏಡಿಗೆ," ಎಂದು ಅದನ್ನು ಬಡಿದು ಹಾಕಿದರು.

"ಅಬ್ಬಾ, ಯೋಚನೆ ಮಾಡಿ," ಎಂದಳು ಜೊಹರಾ.

"ಯೋಚನೆ ಮಾಡಿದ್ದಾಯ್ತು. ಅದರ ಮೇಲೆ ನನಗೆ ಸಿಟ್ಟಿದೆ."

ಟೀಚರ್ ಏಡಿಯ ಎಲೆಯನ್ನು ಮಗುಚಿದರು. "ಈಗ ಕೇಳಿ. ಔಷಧಿ ಏಡಿಯ ಹತ್ತಿರ ನಿಲ್ಲಲ್ಲ. ಏಡಿಯನ್ನು ಯಾರು ತಿನ್ನುತ್ತಾರೆ?" ಬೆಳ್ಳಕ್ಕಿ ಮಗುಚಿತು. ನೀರುನಾಯಿ ಮಗುಚಿತು. ನರಿಯೂ.

"ಇದು ಮೋಸ," ಎಂದರು ವಹಾಬ್. "ಎಲ್ಲಾ ನನ್ನದೇ ಹೋಯ್ತಲ್ಲ."

"ಏಡಿ ತಿಂದು ಕೂತಿದ್ದವು ನಿಮ್ಮವೇ ತಾನೇ?"

"ಮತ್ತೆ ಈ ಮನುಷ್ಯ?"

ಟೀಚರ್ ಬಗ್ಗಿ ಓದಿದರು. "ಭತ್ತ, ಹಾಲು, ಕೋಳಿ, ಮೀನು. ಏಡಿ ಇಲ್ಲ."

"ಹಾಗಾದರೆ ಮನುಷ್ಯ ಉಳಿದ. ನೋಡಿ ಟೀಚರೇ, ಬುದ್ಧಿ ಇರೋನು ಉಳೀತಾನೆ. ನಾವು ಏಡಿ ತಿನ್ನೋದಿಲ್ಲ."

"ನಮ್ಮ ಮನೇಲೂ ತಿನ್ನಲ್ಲ," ಎಂದರು ಟೀಚರ್.

ಕುಲ್ಸುಮ್ ಚಹಾ ತಂದು ಬಾಗಿಲಲ್ಲಿ ನಿಂತಿದ್ದರು. "ಯಾಕೆ, ಮುದ್ದಮ್ಮ ಮನುಷ್ಯರಲ್ವಾ?" ಎಂದರು.

ಅವರು ತಮಾಷೆಗೆ ಹೇಳಿದ್ದು. ಲೋಟ ಇಡುತ್ತಾ ಮುಂದುವರಿಸಿದರು. "ಟೀಚರ್ ಬರೋಕೆ ಮುಂಚೆ ಬುಟ್ಟಿ ತುಂಬ ಏಡಿ ಹಿಡ್ಕೊಂಡು ಹೋದರು. ಮಗಳ ಕೆಮ್ಮಿಗೆ ಸಾರು ಮಾಡ್ತಾರಂತೆ. ಇವತ್ತು ಏಡಿಗಳು ಓಡ್ತಾನೇ ಇಲ್ಲ, ಕೈಗೇ ಬರ್ತಿವೆ ಅಂತ ಎಷ್ಟು ಖುಷಿ ಅವರಿಗೆ."

"ಎಲ್ಲಿ ಹಿಡಿದರಂತೆ?" ವಹಾಬರ ಧ್ವನಿ ಬದಲಾಗಿತ್ತು.

"ನಮ್ಮ ಗದ್ದೇಲೇ. ಯಾಕೆ?"

ವಹಾಬ್ ಎದ್ದರು. ಚಹಾ ಚೆಲ್ಲಿತು. ಟೀಚರ್ ಅವರ ಮುಖ ನೋಡಿದರು.

"ಗದ್ದೆಗೆ ಏನು ಹಾಕಿದ್ದೀರಿ?"

"ಔಷಧಿ."

"ಯಾವ ಔಷಧಿ, ಹೆಸರು ಹೇಳಿ."

"ಎಂಡ್ರಿನ್."

"ಡಬ್ಬ ಎಲ್ಲಿದೆ? ತಗೊಳ್ಳಿ, ಆಸ್ಪತ್ರೇಲಿ ಬೇಕಾಗಬಹುದು. ಕುಲ್ಸುಮ್, ನೀವು ಗದ್ದೆಯಿಂದ ಹಳ್ಳಕ್ಕೆ ನೀರು ಬೀಳೋ ಬಾಯಿಗೆ ಮಣ್ಣು ಹಾಕಿ ಮುಚ್ಚಿ. ನೀರಿಗೆ ಮಾತ್ರ ಇಳೀಬೇಡಿ, ಬದುವಿನ ಮೇಲಿಂದಲೇ ಹಾಕಿ. ಜೊಹರಾ, ಹಳ್ಳದ ನೀರು ಯಾರೂ ಮುಟ್ಟಬಾರದು ಅಂತ ಮನೆಮನೆಗೂ ಹೇಳು, ಓಡು."

ಲೈನಿಗೆ ಗದ್ದೆಯ ಬದಿಯಿಂದಲೇ ಇಳಿಯಬೇಕು. ವಹಾಬ್ ಮುಂದೆ, ಟೀಚರ್ ಹಿಂದೆ. ನೀರಿನ ಅಂಚಿನಲ್ಲಿ ಏಡಿಗಳು ಬೆನ್ನಡಿಯಾಗಿ ಬಿದ್ದಿದ್ದವು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಬೆಳಿಗ್ಗೆ ಇದನ್ನೇ ನೋಡಬೇಕೆಂದು ವಹಾಬ್ ಬಯಸಿದ್ದರು. ಈಗ ಅವುಗಳನ್ನು ನೋಡಲಾಗಲಿಲ್ಲ. ಹಳ್ಳ ದಾಟುವ ಸಂಕದ ಮೇಲೆ ಕಾಲು ಜಾರಿ, ಮಂಡಿ ತರಚಿತು. ನಿಲ್ಲಲಿಲ್ಲ.

ಮುದ್ದಮ್ಮನ ಮನೆಯ ಒಲೆಯ ಮೇಲೆ ಗಡಿಗೆ ಕುದಿಯುತ್ತಿತ್ತು. ಬಾಗಿಲಿನಾಚೆಗೂ ಮಸಾಲೆಯ ಘಮ.

"ಬನ್ನಿ ಸಾಬ್ರೇ. ನೀವು ಏಡಿ ತಿನ್ನಲ್ಲ, ಇಲ್ಲದಿದ್ದರೆ ಒಂದು ಬಟ್ಟಲು..."

ವಹಾಬ್ ಅಲ್ಲಿದ್ದ ಗೋಣಿಚೀಲದಿಂದ ಗಡಿಗೆ ಹಿಡಿದು ಒಲೆಯ ಬೂದಿಗೆ ಮಗುಚಿದರು.

ಮುದ್ದಮ್ಮ ಮಗುಚಿದ ಗಡಿಗೆಯನ್ನು ನೋಡಿದರು. "ನಿಮ್ಮ ಗದ್ದೆಯ ಏಡಿ ಹಿಡಿದಿದ್ದಕ್ಕೆ ನಮ್ಮ ಒಲೆಯವರೆಗೆ ಬರಬೇಕಿತ್ತಾ ಸಾಬ್ರೇ? ಕೇಳಿದ್ದರೆ ಬುಟ್ಟಿ ಸಮೇತ ವಾಪಸು ಕೊಡ್ತಿದ್ದೆ."

"ಅದಕ್ಕಲ್ಲ ಮುದ್ದಮ್ಮ. ಔಷಧಿ ಹಾಕಿದ್ದೆ."

"ನೀವೇ ಹೇಳಿದ್ರಲ್ಲ, ಗೊತ್ತು. ಔಷಧಿ ಹಾಕಿದ ಗದ್ದೆ ಏಡಿ, ಕೆಮ್ಮಿಗೆ ಇನ್ನೂ ಒಳ್ಳೇದೇ ಅಂದ್ಕೊಂಡೆ."

ವಹಾಬ್ ಬುಟ್ಟಿಯಲ್ಲಿ ಉಳಿದಿದ್ದ ಏಡಿಗಳನ್ನೂ ಬೂದಿಗೆ ಸುರಿದರು.

"ಯಾರು ಯಾರು ತಿಂದಿರಿ?" ಟೀಚರ್ ಏದುಸಿರು ಬಿಡುತ್ತಾ ಕೇಳಿದರು.

"ನಾನು ತಿಂದಿಲ್ಲ, ಅನ್ನ ಆಗಲಿ ಅಂತ ಕೂತಿದ್ದೆ. ಶಾಂತಿ ಮಾತ್ರ ಬಿಸಿ ಬಿಸಿ ಸಾರು ಕುಡಿದಳು."

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಶಾಂತಕುಮಾರಿ ತಲೆ ಎತ್ತಿದಳು. "ಅಮ್ಮಾ, ನಾಲಿಗೆ ಜುಮ್ ಅಂತಿದೆ. ಹೊಟ್ಟೆ ತೊಳೆಸ್ತಿದೆ."

ವಹಾಬ್ ಅವಳನ್ನು ಎತ್ತಿಕೊಂಡೇ ಸಂಕ ದಾಟಿದರು. ಮುದ್ದಮ್ಮ, ಟೀಚರ್ ಹಿಂದೆ ಓಡಿ ಬಂದರು. ಗ್ಯಾರೇಜಿನಲ್ಲಿ ಯಾರದೋ ಜೀಪು ರಿಪೇರಿ ಮುಗಿದು ನಿಂತಿತ್ತು. ಅದನ್ನೇ ಹೊರಡಿಸಿದರು.

ಮೂಡಿಗೆರೆಯ ರಸ್ತೆಯಲ್ಲಿ ತಿರುವು ಮುಗಿದರೆ ಇನ್ನೊಂದು ತಿರುವು. ಬಣಕಲ್ ದಾಟುವಷ್ಟರಲ್ಲಿ ಶಾಂತಕುಮಾರಿಯ ಕೈ ಸೆಟೆಯಿತು, ಕಣ್ಣು ಮೇಲೆ ಹೋಯಿತು. ಮುದ್ದಮ್ಮ ವಾಂತಿ ಮಾಡಿಸಲೆಂದು ಅವಳ ಬಾಯಿಗೆ ಬೆರಳು ಹಾಕಲು ಹೋದರು.

"ಬೇಡ ಮುದ್ದಮ್ಮ," ಟೀಚರ್ ಕೈ ಹಿಡಿದರು. "ಫಿಟ್ಸ್ ಬಂದಾಗ ಬಾಯಿಗೆ ಏನೂ ಹಾಕಬಾರದು. ಉಸಿರು ಕಟ್ಟುತ್ತೆ. ಹೀಗೆ ಮಗ್ಗುಲಿಗೆ ಮಲಗಿಸೋಣ. ತಲೆ ಹಿಡ್ಕೊಳ್ಳಿ."

ವಹಾಬ್ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಜೀಪು ರಸ್ತೆ ಬಿಡುತ್ತದೆ ಎಂಬ ಭಯ. ಹಿಂದಿನಿಂದ ಒಂದು ಕೆಮ್ಮು ಕೇಳಿದರೆ ಸಾಕು ಎಂದು ಕಾಯುತ್ತಿದ್ದರು.

ಆಸ್ಪತ್ರೆಯಲ್ಲಿ ನರ್ಸ್ ಒಂದೇ ನೋಟಕ್ಕೆ ಕೇಳಿದರು. "ಔಷಧಿ ಕುಡಿದಳಾ? ಮನೇಲಿ ಏನು ಜಗಳ?"

ವಹಾಬ್ ಮುಂದೆ ಬಂದರು. "ಜಗಳ ಇಲ್ಲ. ಅವಳು ಕುಡಿದಿಲ್ಲ. ನನ್ನ ಗದ್ದೆಗೆ ನಾನು ಹಾಕಿದ್ದು." ಡಬ್ಬವನ್ನು ಮೇಜಿನ ಮೇಲೆ ಇಟ್ಟರು. "ಇದು ಔಷಧಿ ಅಲ್ಲ ಸಿಸ್ಟರ್. ವಿಷ. ವಿಷದ ಏಡಿ ತಿಂದಿದ್ದಾಳೆ."

ನರ್ಸ್ ಡಬ್ಬ ಹಿಡಿದು ಡಾಕ್ಟರ ಬಳಿಗೆ ಓಡಿದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಮುದ್ದಮ್ಮ ಕೂತರು. ಇನ್ನೊಂದು ತುದಿಯಲ್ಲಿ ವಹಾಬ್. ನಡುವೆ ಟೀಚರ್. ದೀಪ ಹಚ್ಚುವ ಹೊತ್ತಾಯಿತು. ಕೊನೆಗೆ ಮುದ್ದಮ್ಮ ಗೋಡೆ ನೋಡುತ್ತಲೇ ಕೇಳಿದರು.

"ಅದು ಜನ ಸಾಯೋವಂಥದ್ದು ಅಂತ ಬೆಳಿಗ್ಗೆ ನಿಮಗೆ ಗೊತ್ತಿತ್ತಾ ಸಾಬ್ರೇ?"

"ಗೊತ್ತಿತ್ತು."

"ಮತ್ತೆ ಯಾಕೆ ಔಷಧಿ ಅಂದ್ರಿ?"

"ಎಲ್ಲರೂ ಹಾಗೇ ಅಂತಾರೆ ಮುದ್ದಮ್ಮ. ನಾನೂ ಅಂದೆ."

"ನಾವು ಏಡಿ ತಿಂತೀವಿ ಅಂತ ಗೊತ್ತಿರಲಿಲ್ವಾ?"

ವಹಾಬ್ ತಲೆ ತಗ್ಗಿಸಿದರು. ಅವರಿಗೆ ಅದೂ ಗೊತ್ತಿತ್ತು. ಮಳೆಗಾಲದಲ್ಲಿ ಲೈನಿನವರು ಬುಟ್ಟಿ ಹಿಡಿದು ಗದ್ದೆಗೆ ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದ್ದಾರೆ. ಡಬ್ಬ ಬಗ್ಗಿಸುವಾಗ ಮಾತ್ರ ನೆನಪಿಗೆ ಬಂದಿರಲಿಲ್ಲ.

"ತಪ್ಪು ನನ್ನದೂ ಇದೆ," ಎಂದರು ಟೀಚರ್. "ಮನುಷ್ಯ ಏನು ತಿಂತಾನೆ ಅಂತ ಬರೆಯುವಾಗ ನಮ್ಮ ಅಡುಗೆಮನೆ, ಅಕ್ಕಪಕ್ಕದ ಅಡುಗೆಮನೆ ಅಷ್ಟೇ ನೋಡಿಕೊಂಡು ಬರೆದೆ."

ಡಾಕ್ಟರು ಹೊರಗೆ ಬಂದಾಗ ಮೂವರೂ ಒಟ್ಟಿಗೆ ಎದ್ದರು.

"ಫಿಟ್ಸ್ ನಿಂತಿದೆ. ಬದುಕ್ತಾಳೆ. ಯಾವ ವಿಷ ಅಂತ ಗೊತ್ತಾಗಿದ್ದು ಒಳ್ಳೇದಾಯ್ತು, ಹುಡುಕ್ತಾ ಕೂರಬೇಕಾಗಲಿಲ್ಲ. ಇನ್ನೊಂದು ಬಟ್ಟಲು ಕುಡಿದು ಮಲಗಿದ್ದರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ."

ಮುದ್ದಮ್ಮ ಅಲ್ಲೇ ನೆಲಕ್ಕೆ ಕುಸಿದು ಅತ್ತರು.

ಆ ವರ್ಷ ವಹಾಬರ ಗದ್ದೆಗೆ ಬೆಳ್ಳಕ್ಕಿ ಇಳಿಯಲಿಲ್ಲ. ಆ ಗದ್ದೆಯ ಏಡಿಯನ್ನು ಯಾರೂ ಮುಟ್ಟಲಿಲ್ಲ. ಮರುವರ್ಷ ನೆಟ್ಟಿಯ ಹೊತ್ತಿಗೆ ಟೀಚರ್ ಗ್ರಾಮಸೇವಕರಿಂದ ವಿಷವಿಲ್ಲದ ದಾರಿ ಕೇಳಿ ಬಂದರು. ಬದುವಿನ ಪಕ್ಕ ಕುತ್ತಿಗೆಯವರೆಗೆ ಮಡಕೆ ಹೂಳಬೇಕು, ಒಳಗೆ ಹುರಿದ ತೌಡು ಹಾಕಬೇಕು, ವಾಸನೆಗೆ ಬಂದ ಏಡಿ ಒಳಗೆ ಬಿದ್ದರೆ ಮೇಲೆ ಹತ್ತಲಾರದು. ಮಡಕೆ ಹೂಳುವ ಕೆಲಸ ವಹಾಬರದು. ತೌಡು ಹುರಿದು ಕೊಡುವುದು ಕುಲ್ಸುಮರದು. ತೂತು ಪೂರ್ತಿ ನಿಂತಿತು ಎಂದೇನೂ ಅಲ್ಲ. ಬದುವಿಗೆ ಮಣ್ಣು ಮೆತ್ತುವ ಕೆಲಸ ಈಗಲೂ ಇದೆ. ಆದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಮುದ್ದಮ್ಮ ಈಗ ವಹಾಬರ ಜೊತೆ ಮಾತಾಡುತ್ತಾರೆ. ಮೊದಲಿನಷ್ಟು ನಗುವುದಿಲ್ಲ.

ಟೀಚರ್ ಆ ಆಟವನ್ನು ಊರೂರಿನ ಮಹಿಳಾ ಮಂಡಳಿಗಳಿಗೆ ಒಯ್ಯುತ್ತಾರೆ. ಆಟ ಶುರುವಾಗುವ ಮುಂಚೆ 'ಮನುಷ್ಯ' ಎಲೆಯನ್ನು ಖಾಲಿ ಬಿಟ್ಟು, ಅಲ್ಲಿ ಕೂತ ಎಲ್ಲರನ್ನೂ ಕೇಳಿ ತುಂಬಿಸುತ್ತಾರೆ. ಪ್ರತಿ ಊರಿನಲ್ಲೂ ಆ ಎಲೆಯಲ್ಲಿ ಜಾಗ ಸಾಲುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಗದ್ದೆಯ, ಹಳ್ಳದ ನೀರಿಗೆ ವಿಷ ಸುರಿಯಬೇಡಿ. ಅಂಗಡಿಯವನು ಔಷಧಿ ಎಂದರೂ ನೀವು ವಿಷ ಎಂದೇ ಕರೆಯಿರಿ. ಮಕ್ಕಳಿಗೂ ಹಾಗೇ ಹೇಳಿಕೊಡಿ. ತಾನಾಗಿ ಸತ್ತು ತೇಲುವ ಮೀನು, ಓಡದೆ ಕೈಗೆ ಸಿಗುವ ಏಡಿ ಎಷ್ಟೇ ಇದ್ದರೂ ಮನೆಗೆ ತರಬೇಡಿ. ಕುದಿಸಿದರೆ ವಿಷ ಹೋಗುವುದಿಲ್ಲ. ಯಾರಿಗಾದರೂ ತಿಂದ ಮೇಲೆ ನಾಲಿಗೆ ಜುಮ್ಮೆಂದರೆ, ಕೈಕಾಲು ಸೆಟೆದರೆ, ಮನೆಮದ್ದು ಮಾಡುತ್ತಾ ಕೂರದೆ ಡಬ್ಬದ ಸಮೇತ ಆಸ್ಪತ್ರೆಗೆ ಓಡಿ.

ನಿಮ್ಮ ಗದ್ದೆಯ ನೀರು ಎಲ್ಲಿಗೆ ಇಳಿಯುತ್ತದೋ ಅಲ್ಲಿಯವರೆಗೆ ಒಮ್ಮೆ ನಡೆದು ಹೋಗಿ. ಅಲ್ಲಿರುವ ಮನೆಯ ಬಾಗಿಲಲ್ಲಿ ನಿಂತು ಕೇಳಿ: "ಇವತ್ತು ನಿಮ್ಮನೇಲಿ ಏನು ಸಾರು?"