ಮುಂದಿನ ಸೀಟಿನ ಮರಗವ್ವ

"ಇನ್ನೊಂದೀಟು ಜೋರ್ ನಡಗಬೇ, ಹಾದರಗಿತ್ತಿ. ಜನಾ ಸೊಲ್ಲಾಪುರದಿಂದ ಬಂದಾರ," ಎಂದು ಪೂಜಾರಿ ಮಾಳಿಂಗ ಹಲ್ಲು ಕಚ್ಚಿ ಪಿಸುಗುಟ್ಟಿದ. ಮರುಕ್ಷಣವೇ ಜನರ ಕಡೆ ತಿರುಗಿ, "ತಾಯಿ ಬಂದಾಳ್ರಿ, ಕೈ ಮುಗೀರಿ," ಎಂದ.

ಮಾಳಮ್ಮನಿಗೆ ನಡುಗಲು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ತಾಯಿಯೂ ಹೀಗೇ ನಡುಗಿ ಸತ್ತಿದ್ದಳು. ಆ ಮನೆತನದ ಮೈಮೇಲೆ ಮರಗವ್ವ ಬರುತ್ತಾಳೆಂದು ಊರು ನಂಬಿತ್ತು. ಬಂದ ಕಾಣಿಕೆಯೆಲ್ಲ ಪೂಜಾರಿಯ ಅಂಗಳದಲ್ಲಿ ಬಿಳಿ ಜೀಪಾಗಿ ನಿಂತಿತ್ತು. ದೇವಿ ಮಾಳಮ್ಮನ ಮೈಯೊಳಗೆ ಬರಬಹುದು, ಮಾಳಮ್ಮ ಮಾತ್ರ ದೇವಿಯ ಗುಡಿಯೊಳಗೆ ಬರಕೂಡದು. ಹೊಲಗೇರಿಯವಳ ಜಾಗ ಹೊಸ್ತಿಲಾಚೆಯ ಕಲ್ಲು.

ಈಗ ಮಗಳು ಮಹಾನಂದಾಳ ಬೆರಳುಗಳೂ ಅದುರತೊಡಗಿದ್ದವು. ಮುಂದೆ ಅವಳನ್ನೂ ಆ ಕಲ್ಲಿನ ಮೇಲೆ ಕೂರಿಸಲೆಂದು ಪೂಜಾರಿ ಆಗಲೇ ಒಂದು ಹಸಿರು ಸೀರೆ ತೆಗೆದಿಟ್ಟಿದ್ದ.

ಇದು ರಕ್ತದಲ್ಲಿ ಇಳಿದು ಬರುವ ಮಿದುಳಿನ ಬೇನೆಯೆಂದು ಕಲಬುರಗಿಯ ಡಾಕ್ಟರ್ ಜಯಮಾಲಾ ಹೇಳಿ ಹೋಗಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಹೊಸ ಔಷಧಿಯೊಂದು ಬಂದಿದೆಯಂತೆ. ನರಗಳು ತುಕ್ಕು ಹಿಡಿದು ಸವೆಯುವುದನ್ನು ಅದು ತಡೆದರೂ ತಡೆದೀತು.

"ಇಲಿಗೋಳಿಗಿ ಗುಣ ಕಂಡದ. ಮನಷ್ಯಾರಿಗಿ ಹೆಂಗೋ ಇನ್ನಾ ಗೊತ್ತಿಲ್ಲ. ಮಗಳ ರಕ್ತ ನಿಮ್ಮ ರಕ್ತದ ಸಂಗಟ ನೋಡಬೇಕು, ಸೋಮವಾರ ಇಬ್ಬರೂ ಬರ್ರಿ. ತಪ್ಪಿದ್ರ ಔಷಧಿ ಪರೀಕ್ಷಾದಾಗ ಆಕಿ ಜಾಗಾ ಹೋಗ್ತದ," ಎಂದಿದ್ದಳು ಡಾಕ್ಟರ್.

"ಇಲಿ ಆದ ಮ್ಯಾಲೆ ನಾವಾ? ಅಡ್ಡಿಯಿಲ್ಲ ಬಿಡ್ರಿ. ಈ ಊರಾಗ ಇಷ್ಟು ಲಗೂ ನಮ್ಮ ಪಾಳಿ ಎಂದೂ ಬಂದಿಲ್ಲ," ಎಂದಿದ್ದಳು ಮಾಳಮ್ಮ.

ಪೂಜಾರಿ ಕೇಳಿ ಕೆಂಡವಾದ. "ನಡುಕ ನಿಂತ್ರ ಗುಡಿಗಿ ಯಾವ ಸೂಳಿಮಗ ಬರ್ತಾನ?" ಮಾಳಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅವಳನ್ನು ಕೂರಿಸಿಕೊಳ್ಳಬೇಡವೆಂದು ಆಟೋದ ಚಮನಸಾಬನಿಗೂ ತಾಕೀತಾಯಿತು. ದೇವಿಯ ಅಪ್ಪಣೆಯಿಲ್ಲದೆ ಊರು ಬಿಟ್ಟರೆ ಕೇಡು ಎಂದು ಪೂಜಾರಿ ಸಾರಿದ.

ಇವತ್ತು ಭಾನುವಾರ. ಮಂದಿ ಕೈ ಮುಗಿದು ನಿಂತಿದ್ದಾಗ ಕಲ್ಲಿನ ಮೇಲೆ ಕೂತ ಮಾಳಮ್ಮ ಹೂಂಕರಿಸಿದಳು.

"ಲೇ ಮಾಳಿಂಗ, ನನ್ನ ಅಪ್ಪಣಿ ಬೇಕಂದಿದ್ದೆಲ್ಲ, ತಗೋ. ನಾಳಿ ಹೊತ್ತು ಮೂಡೂದ್ರಾಗ ನಿನ್ನ ಜೀಪ ಹೊಲಗೇರಿಗಿ ತಾ. ನಾ ಮಗಳ ಕರಕೊಂಡು ಕಲಬುರಗಿ ದವಾಖಾನಿಗಿ ಹೋಗ್ತೇನಿ. ಡಾಕ್ಟರ್ ಕರದಾಗೆಲ್ಲ ನೀನಾ ಹೊಡಕೊಂಡು ಹೋಗಬೇಕು."

"ಇದು ದೇವಿ ಅಲ್ರಿ, ಈ ರಂಡಿ..." ಎನ್ನುವಷ್ಟರಲ್ಲಿ ಸೊಲ್ಲಾಪುರದವರು ಪೂಜಾರಿಯನ್ನೇ ನೋಡಿದರು. ಇವಳು ದೇವಿಯಲ್ಲವೆಂದರೆ ಇಷ್ಟು ದಿನದ ಕಾಣಿಕೆ ಯಾರದು? ಅವನೂ ಕೈ ಮುಗಿದ.

"ಆಗ್ಲಿ ತಾಯಿ."

ಸೋಮವಾರ ಜೀಪು ಬಂತು. ಕಳಿಸಿಕೊಡಲು ಊರಿಗೆ ಊರೇ ನೆರೆದಿತ್ತು.

"ಹಿಂದ ಕೂಡಬೇ," ಎಂದು ಪೂಜಾರಿ ಗೊಣಗಿದ.

"ಮರಗವ್ವ ಹಿಂದ ಕೂಡ್ತಾಳೇನಲೇ?"

ಅವಳ ನೆರಳು ಬಿದ್ದರೂ ಸ್ನಾನ ಮಾಡುತ್ತಿದ್ದವನು ಎಲ್ಲರೆದುರು ಅವಳ ರಟ್ಟೆ ಹಿಡಿದು ಮುಂದಿನ ಸೀಟಿಗೆ ಹತ್ತಿಸಬೇಕಾಯಿತು. ಚಮನಸಾಬ ನಗು ತಡೆಯಲಾರದೆ ಆಟೋದ ಹಿಂದೆ ಹೋಗಿ ನಿಂತ.

ಅಫಜಲಪುರ ದಾಟಿದ ಮೇಲೆ ಪೂಜಾರಿ ಗಾಡಿ ನಿಧಾನ ಮಾಡಿ, ಅವಳ ಅದುರುವ ಕೈಯನ್ನು ಓರೆಗಣ್ಣಲ್ಲಿ ನೋಡಿದ. ಸ್ವಲ್ಪ ಹೆದರಿಯೇ ಕೇಳಿದ:

"ಖರೇ ಹೇಳಬೇ. ಇದು ದೇವಿ ನಡುಕೋ, ಬ್ಯಾನಿ ನಡುಕೋ?"

ಹಿಂದೆ ಮಹಾನಂದಾ ತನ್ನ ಬೆರಳುಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು.

"ಅದನ್ನಾ ಕೇಳಾಕ ಹೊಂಟೇವಿ," ಎಂದಳು ಮಾಳಮ್ಮ. "ನೀ ಗಾಡಿ ಹೊಡಿ."