ತಾಟಿನ ಮೇಲಿನ ಗೆರೆ

ಗೆರೆ ಮತ್ತೆ ಬಂತು, ತೆಳ್ಳಗೆ, ಕರ್ರಗೆ, ತಾಟಿನ ಈ ಅಂಚಿನಿಂದ ಆ ಅಂಚಿಗೆ — ಲೆನ್ಸು ಒರೆಸಿದೆ, ಬನಿಯನ್ನಿನ ತುದಿಯಿಂದ ಇನ್ನೊಮ್ಮೆ ಒರೆಸಿದೆ, ಕ್ಯಾಮರಾದ ಬೆನ್ನಿಗಿರುವ ಕಡ್ಡಿಪೆಟ್ಟಿಗೆಯಷ್ಟು ಪರದೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ, ಇರಲಿ ಬಿಡು, ಮೊದಲು ಇವನ ಕೈ ಎತ್ತಬೇಕು, ಎಳ್ಳಷ್ಟು ಎತ್ತಿ ಒಂದು ಫೋಟೋ, ಮತ್ತೆ ಎಳ್ಳಷ್ಟು, ಮತ್ತೊಂದು, ಸಾಲಾಗಿ ಓಡಿಸಿದರೆ ತಾನೇ ಕೈ ಎತ್ತಿದಂತೆ, ಮಗಳು ಪ್ರಣಿತಾಳ ಆಟದ ಬ್ಲಾಕಿನ ಮನುಷ್ಯ ಇವನು, ಹಳದಿ ಮುಖ, ಕೊಕ್ಕೆಯಂಥ ಕೈ, ಅವಳು ಶಾಲೆಗೆ ಹೋದ ಮೇಲೆ ಇವನೂ ನನ್ನವನು, ಬ್ಲಾಕು ಜೋಡಿಸಿ ಕಟ್ಟಿದ ಈ ಖಾನಾವಳಿಯೂ ನನ್ನದು, ಫೋಟೋ ಸ್ಟುಡಿಯೋದ ಶಟರ್ ಅರ್ಧ ಎಳೆದು ಕೂತಿದ್ದೇನೆ, ಹೊರಗೆ ಹುಕ್ಕೇರಿಯ ಸಂತೆ, ಮೆಣಸಿನಕಾಯಿ ಕೂಗುವವರು, ಒಳಗೆ ನಡುಮನೆಯಲ್ಲಿ ಓಣಿಯ ಹೆಂಗಸರ ಣಮೋಕಾರ ಮಂತ್ರ, ಏರುವುದಿಲ್ಲ ಇಳಿಯುವುದಿಲ್ಲ, ಬೆಳಗಿನಿಂದ ಒಂದೇ ಸಮ, ಆ ದನಿ ನಿಂತ ದಿನ ಏನು ಅಂತ ಯೋಚಿಸಬಾರದು ಧನ್ಯಕುಮಾರ, ಕೈ ಎತ್ತು, ಫೋಟೋ ತೆಗೆ.

ಈ ಸೀನು ಅಪ್ಪನದು. ಬಟ್ಟೆ ತರಲು ಗೋಕಾಕಕ್ಕೆ ಹೋದಾಗಲೆಲ್ಲ ನಮ್ಮನ್ನೂ ಕರೆದುಕೊಂಡು ಹೋಗಿ ತೋರಿಸುತ್ತಿದ್ದ ಹಳೇ ಕಪ್ಪುಬಿಳುಪು ಸಿನಿಮಾ, ಹಸಿದ ಬಡಕಲ ಒಬ್ಬ ಖಾನಾವಳಿಯಲ್ಲಿ ಕೂರುತ್ತಾನೆ, ತುತ್ತು ಬಾಯಿಗೆ ಬಂತು ಅನ್ನುವಾಗ ಮಾಲಕ ಏ ಇಲ್ಲಿ ಬಾ ಅನ್ನುತ್ತಾನೆ, ಹೋಗಿ ಬರುವುದರೊಳಗೆ ಬಾಜೂದವನು ತಾಟಿನಿಂದ ಒಂದು ರೊಟ್ಟಿ ಎಗರಿಸಿರುತ್ತಾನೆ, ಮತ್ತೆ ಕರೆ, ಮತ್ತೆ ಒಂದು ಮಾಯ, ಕಡೆಗೆ ಬರಿದಾದ ತಾಟು ನೋಡಿ ಬಡಕಲ ಢರ್ರಂತ ತೇಗಿ ಕೈತೊಳೆದು ಎದ್ದು ಹೋಗುತ್ತಾನೆ — ಥೇಟರಿನಲ್ಲಿ ಎಲ್ಲರೂ ನಗುತ್ತಿದ್ದರು, ಅಪ್ಪ ಮಾತ್ರ ಕಣ್ಣೀರು ಬರುವಷ್ಟು, ಅಂವಗ ಅಂತರಾಯ ಆತು, ಅಂತರಾಯ ಆತು ಅಂತ ಕೂಗುತ್ತಿದ್ದ, ಅವ್ವ ತೊಡೆ ಚಿವುಟುತ್ತಿದ್ದಳು, ಮುನಿಗಳ ವಿಷಯದ ಮಾತು ಅದು, ಸುಮ್ನಿರ್ರಿ. ಮುನಿಗಳು ನಿಂತು ಬೊಗಸೆಯಲ್ಲಿ ಉಣ್ಣುವಾಗ ಅನ್ನದಲ್ಲಿ ಒಂದು ಇರುವೆ, ಒಂದು ಕೂದಲು ಕಂಡರೂ ಅಂತರಾಯ, ಬೊಗಸೆ ಬಿಟ್ಟುಬಿಡುತ್ತಾರೆ, ಆ ದಿನಕ್ಕೆ ಮತ್ತೆ ಅನ್ನವಿಲ್ಲ, ನೀರೂ ಇಲ್ಲ, ಅದಕ್ಕೇ ಅಪ್ಪ ಆಹಾರ ಕೊಡುವಾಗ ಪ್ರತಿ ತುತ್ತನ್ನೂ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡುತ್ತಿದ್ದ, ಅಪ್ಪನ ಹೆಸರು ಹಿಡಿದು, ತವನಪ್ಪನ ಕಣ್ಣು ತಪ್ಪಿಸಿ ಒಂದು ಎಳೆ ದಾಟುವುದಿಲ್ಲ ಅನ್ನುತ್ತಿದ್ದರು ಬಸದಿಯಲ್ಲಿ.

ಈಗ ಅದೇ ಅಪ್ಪ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ. ಬೆಳಗಾವಿಯ ಡಾಕ್ಟರು ಇನ್ನ ಮನೀಗೆ ಕರಕೊಂಡು ಹೋಗ್ರಿ ಅಂದರು, ಅಪ್ಪ ಮನೆಗೂ ಬರದೆ ನೇರ ಮುನಿಗಳ ಮುಂದೆ ಹೋಗಿ ಕೂತ, ಸಲ್ಲೇಖನ ಕೊಡ್ರಿ ಅಂದ, ಅನ್ನನೀರು ಒಂದೊಂದೇ ಬಿಡುತ್ತ ದೇಹ ಬಿಡುವ ವ್ರತ, ಮೊದಲು ರೊಟ್ಟಿ ಬಿಟ್ಟ, ಆಮೇಲೆ ಹಾಲು, ಆಮೇಲೆ ಮಜ್ಜಿಗೆ, ಈಗ ದಿನಕ್ಕೊಮ್ಮೆ ನೀರು, ಸೋಸಿ ಕಾಯಿಸಿದ್ದು, ಅದೂ ಮುನಿಗಳ ಹಾಗೆ ಬೊಗಸೆಯಲ್ಲಿ — ನಾನಾದರೂ ಎಂಥ ಕುರುಡ, ಅಪ್ಪನ ಬೇಸರ ಕಳೆಯಲಿ ಅಂತ ಈ ಆಟ ಹೂಡಿದವನು, ಬ್ಲಾಕಿನ ತಾಟಿನಿಂದ ಒಂದೊಂದೇ ತೆಗೆಯುತ್ತ ಹೋದೆ, ರೊಟ್ಟಿ ತೆಗೆದೆ, ಹಾಲು ತೆಗೆದೆ, ಮಜ್ಜಿಗೆ ತೆಗೆದೆ, ಕಂಪ್ಯೂಟರಿನಲ್ಲಿ ಓಡಿಸಿ ನೋಡಿದಾಗ ಹೊಳೆಯಿತು, ನಾನು ಯಾರ ತಾಟಿನಿಂದ ತೆಗೆಯುತ್ತಿದ್ದೇನೆ. ಅದನ್ನೆಲ್ಲ ಅಳಿಸಿ ಹಾಕಿದೆ. ಈಗ ಈ ಹಳದಿ ಮನುಷ್ಯ ಪ್ರತಿ ಸಲ ಎದ್ದು ಹೋಗಿ ಬಂದಾಗ ತಾಟಿಗೆ ಒಂದು ಬಂದಿರುತ್ತದೆ, ರೊಟ್ಟಿ ಬರುತ್ತದೆ, ಹಾಲು ಬರುತ್ತದೆ, ಮಜ್ಜಿಗೆ ಬರುತ್ತದೆ, ಕೊನೆಗೆ ಗೋಕಾಕದ ಕರದಂಟು, ಕಂದು ಬಣ್ಣದ ಬ್ಲಾಕು, ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ತಪ್ಪದೆ ಕೊಡಿಸುತ್ತಿದ್ದದ್ದು, ತಾಟು ತುಂಬಿ ಕೈ ಬಾಯಿಗೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಅಪ್ಪ ನೋಡಲಿ, ನಗಲಿ, ನಕ್ಕು ಒಂದು ಗುಟುಕು ಮಜ್ಜಿಗೆ ಕೇಳಲಿ, ನನಗೆ ಬೇಕಾದದ್ದು ಅಷ್ಟೇ, ವ್ರತ ಮುರಿದ ಪಾಪ ನನ್ನ ತಲೆಗೆ ಬರಲಿ.

ಮಾವಾರು ಕೇಳಂಗಿಲ್ಲ, ಕೇಳಲೂಬಾರದು ಅನ್ನುತ್ತಾಳೆ ವಂದನಾ, ನನ್ನ ಹೆಂಡತಿ, ಮಾವನ ನೀರಿನ ತಂಬಿಗೆಯನ್ನು ಬೇರೆ ಯಾರಿಗೂ ಮುಟ್ಟಗೊಡದವಳು, ನಗೂನೂ ಕಷಾಯನ ರೀ, ಆತ್ಮಕ್ಕ ಅಂಟೂ ಕೊಳಿ, ಎಲ್ಲಾ ಬಿಟ್ಟು ಹೊಂಟಾವರಿಗೆ ನಗಿ ಯಾಕ ಹಚ್ಚತೀರಿ, ಅವಳು ಅಳುತ್ತಲೇ ಹೇಳುತ್ತಾಳೆ, ಅದಕ್ಕೇ ಅವಳ ಮೇಲೆ ಸಿಟ್ಟೂ ಬರುವುದಿಲ್ಲ, ಸಿಟ್ಟು ಬಂದದ್ದು ಎದುರುಮನೆ ರಾಚಪ್ಪನ ಮೇಲೆ, ನಿನ್ನೆ ಶಟರಿನಡಿ ಬಗ್ಗಿ, ಧನ್ಯಾ, ಅಪ್ಪಾರ ಆ ದಿನದ ವಿಡಿಯೋ ನೀನ ತಗೀತೀಯೊ, ಬ್ಯಾರೇದಾವರಿಗೆ ಹೇಳೀಯೊ, ಪಾಪ ಒಳ್ಳೆಯ ಮನಸ್ಸಿನಿಂದಲೇ ಕೇಳಿದ, ಆದರೂ ಅವನೆದುರೇ ಶಟರ್ ಇನ್ನಷ್ಟು ಕೆಳಗೆಳೆದೆ. ಕೊನೆಯ ಫೋಟೋ ತೆಗೆದೆ. ಎಲ್ಲ ಕೂಡಿಸಿ ಓಡಿಸಿದರೆ ದೊಡ್ಡ ಪರದೆಯಲ್ಲಿ ಆ ಗೆರೆ ಇನ್ನೂ ಸ್ಪಷ್ಟ, ತುಂಬಿದ ತಾಟಿನ ಮೇಲೆ ಸುಮ್ಮನಿರದೆ ಕುಣಿಯುತ್ತದೆ, ಥೇಟ್ ಗೋಕಾಕದ ಥೇಟರಿನ ಸವೆದ ರೀಲಿನ ಗೆರೆ, ಆ ಸಿನಿಮಾದ ತುಂಬ ಹಾಗೇ ಕರಿ ಗೆರೆ ಕುಣಿಯುತ್ತಿತ್ತು, ಅಪ್ಪನಿಗೆ ಗುರುತು ಸಿಗುತ್ತದೆ, ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ತೆಗೆಯುವ ಯೋಚನೆಯೇ ಬರಲಿಲ್ಲ.

ಅಪ್ಪನೇ ಕೇಳಿದ, ನಿನ್ನ ಖಾನಾವಳಿಯಾಂವ ಎಲ್ಲಿಗೆ ಬಂದ, ದನಿ ಬಾವಿಯ ತಳದಿಂದ ಬಂದಂತೆ, ವಂದನಾ ಬಾಗಿಲು ಬಿಟ್ಟು ಸರಿದಳು, ಮಾನಿಟರು ಹೊತ್ತು ಒಳಗೆ ತಂದೆ, ನೀರಿನ ಹೊತ್ತಾಗಿತ್ತು, ಗೋಡೆಗೆ ಆನಿಸಿ ಕೂರಿಸಿದೆವು, ಎಲುಬಿನ ಬೊಗಸೆ ಮುಂದೆ ಬಂತು, ವಂದನಾ ನೀರು ಹೊಯ್ದಳು, ಬಾಯಿಗೆ ಒಯ್ಯುವ ಮೊದಲು ಅಪ್ಪನ ಕಣ್ಣು ಪರದೆಗೆ ಹೋಯಿತು — ಇವನು ಎದ್ದು ಹೋದ, ಬಂದ, ರೊಟ್ಟಿ ಬಂತು, ಅಪ್ಪನ ತುಟಿ ಅಲುಗಿತು, ಹಾಲು ಬಂತು, ಮಜ್ಜಿಗೆ ಬಂತು, ಕರದಂಟು ಬಂದಾಗ ನಕ್ಕ, ಅಪ್ಪ ನಕ್ಕ, ಗೋಕಾಕದ ಅದೇ ನಗು, ಬೊಗಸೆ ನಡುಗಿ ನೀರು ಚೆಲ್ಲುವಷ್ಟು, ಕೇಳಪ್ಪಾ, ಈಗ ಕೇಳು ಅಂದಿತು ನನ್ನ ಜೀವ, ಅಷ್ಟರಲ್ಲಿ ನಗು ಹಾಗೇ ಇದ್ದು ಕಣ್ಣು ಕಿರಿದಾಯಿತು, ಮುಖ ಮುಂದೆ ಬಂತು, ತುತ್ತು ತಿರುವಿ ತಿರುವಿ ನೋಡುತ್ತಿದ್ದ ಆ ಕಣ್ಣು.

ಧನ್ಯಾ, ತಾಟಿನಾಗ ಕೂದಲ ಐತಲ್ಲೋ. ಇಲ್ರಿ ಅಪ್ಪಾ, ಹಳೇ ರೀಲಿನ ಗೆರಿ ಅದು, ಗೋಕಾಕದಾಗ ಇತ್ತಲ್ರಿ. ಗೆರಿ ಅಲ್ಲೋ ತಮ್ಮಾ, ಕೂದಲ, ಅಂತರಾಯ ಆತು — ನಗುತ್ತಲೇ ಅಂದ, ನಗುತ್ತಲೇ ಬೊಗಸೆ ಬಿಟ್ಟ, ತುಟಿಗೆ ತಾಗದ ನೀರು ಬೆರಳ ಸಂದಿನಿಂದ ಚಾಪೆಗೆ, ಚಾಪೆಯಿಂದ ನೆಲಕ್ಕೆ, ವಂದನಾಳ ತಂಬಿಗೆ ಇನ್ನೂ ಓರೆಯಾಗಿಯೇ ಇದೆ, ಅದರಲ್ಲಿ ನೀರಿದೆ, ಹೊಯ್ಯುವಂತಿಲ್ಲ, ನಾಳೆ ಅಂದಳು, ನಾಳೆ, ಇವತ್ತೇ ನಾಲಿಗೆ ಒಣಗಿ ಬಿರಿದಿರುವವನಿಗೆ ನಾಳೆ, ನಾನು ಹೋಗಿ ಖಾನಾವಳಿ ನೋಡುತ್ತೇನೆ, ಬಗ್ಗಿ ನೋಡುತ್ತೇನೆ, ಹೌದು, ನನ್ನದೇ ತಲೆಯದು, ನನ್ನ ಉಸಿರು ತಾಗಿ ಅಲುಗುತ್ತಿದೆ, ರೊಟ್ಟಿ ಇದೆ, ಹಾಲು ಇದೆ, ಮಜ್ಜಿಗೆ ಇದೆ, ಹಳದಿ ಮನುಷ್ಯನ ಕೈ ಬಾಯಿಯ ಹತ್ತಿರವೇ ಇದೆ, ಮೇಲೆ ಕೂದಲು, ರೊಟ್ಟಿ ಇದೆ, ಕೈ ಇದೆ, ಮೇಲೆ ಕೂದಲು, ಕೈ, ಕೂದಲು, ತಾಟಿನ ಈ ಅಂಚಿನಿಂದ ಆ ಅಂಚಿಗೆ ಒಂದು ಕೂದಲು.